ಮೂಕವಾದ ಸುರುಳಿಗೆ ಮತ್ತೆ ಮಾತು

ನನ್ನ ಈ ಮಾತು ನಿಮ್ಮ ಮನೆಯ ರೇಡಿಯೋದಿಂದ ಹೊರಬೀಳುತ್ತಿರುವಾಗ ಅದರ ಧ್ವನಿವರ್ಧಕದೊಳಗೆ ಒಂದು ಸಣ್ಣ ತಾಮ್ರದ ಸುರುಳಿ ಅಯಸ್ಕಾಂತದ ನಡುವೆ ಹಿಂದೆ ಮುಂದೆ ಕಂಪಿಸುತ್ತಿದೆ. ಅದು ನಿಂತರೆ ನನ್ನ ಮಾತೂ ನಿಂತಂತೆ. ಕಣ್ಣಿಗೆ ಬೀಳದ ಆ ಸುರುಳಿಯನ್ನು ನಾವು ಯಾರೂ ನೆನೆಯುವುದಿಲ್ಲ. ನಾನು ಇಂದು ಹೇಳಹೊರಟಿರುವುದು ಅದರ ಒಡಹುಟ್ಟಿನಂಥ ಇನ್ನೊಂದು ಸುರುಳಿಯ ಸಂಗತಿ. ಧ್ವನಿವರ್ಧಕದ ಸುರುಳಿ ವಿದ್ಯುತ್ತನ್ನು ಕಂಪನವಾಗಿಸುತ್ತದೆ. ಇದು ಕಂಪನವನ್ನು ವಿದ್ಯುತ್ತಾಗಿಸುತ್ತದೆ. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಕುಳಿತಿರುವ ಇದಕ್ಕೆ ಪಿಕಪ್ ಎಂದು ಹೆಸರು. ಗ್ರಾಮಫೋನಿನ ಕಾಲದವರಿಗೆ ಈ ಹೆಸರು ಹೊಸದಲ್ಲ. ಮುಳ್ಳನ್ನು ಹಿಡಿದ ಅದರ ತಲೆಗೂ ಇದೇ ಹೆಸರಿತ್ತು.

ನಾನು ಸಂಗೀತಗಾರನಲ್ಲ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ, ಟೆಲಿಫೋನ್ ವಿನಿಮಯ ಕೇಂದ್ರಗಳಿಗೆ ಬೇಕಾದ ರಿಲೇ ಸುರುಳಿಗಳನ್ನು ಸುತ್ತುವ ವಿಭಾಗದಲ್ಲಿ, ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನು. ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯ ಗುಣದೋಷಗಳು ನನಗೆ ಪರಿಚಿತ. ಇದನ್ನು ಯಾರಿಂದಲೋ ಕೇಳಿ ತಿಳಿದು, ಕೆಲವು ವರ್ಷಗಳ ಹಿಂದೆ, ದಂಡು ಪ್ರದೇಶದ ಹಿರಿಯ ಗಿಟಾರು ವಾದಕರೊಬ್ಬರು ನಮ್ಮ ಮನೆಗೆ ಬಂದರು. ಅವರ ಹೆಸರು ಬೇಡ. ಎಲ್ಲರೂ ಕರೆಯುವಂತೆ ನಾನೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತೇನೆ. ನನಗಿಂತ ನಾಲ್ಕು ವರ್ಷ ಹಿರಿಯರು. ಒಂದು ಕಾಲದಲ್ಲಿ ಬೆಂಗಳೂರಿನ ಮತ್ತು ಕೋಲಾರದ ಚಿನ್ನದ ಗಣಿಯ ಕ್ಲಬ್ಬುಗಳಲ್ಲಿ, ಮದುವೆಗಳಲ್ಲಿ ವಾದ್ಯಮೇಳದೊಡನೆ ನುಡಿಸಿದವರು. ಅವರ ಕೈಯಲ್ಲಿದ್ದುದು 1965ರ ಒಂದು ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಗಿಟಾರು. 1971ರಲ್ಲಿ ಮುಂಬಯಿಯಲ್ಲಿ ಹಡಗಿನ ವಾದಕನೊಬ್ಬನಿಂದ ಕೊಂಡದ್ದಂತೆ.

ಆ ಗಿಟಾರಿನಲ್ಲಿ ಮೂರು ಪಿಕಪ್‌ಗಳು. ಸೇತುವೆಯ ಬಳಿಯದು ಚೂಪಾಗಿ ನುಡಿಯುತ್ತದೆ, ನಡುವಿನದು ಮಧ್ಯಮ, ಕುತ್ತಿಗೆಯ ಬಳಿಯದು ದುಂಡಾಗಿ, ಮೃದುವಾಗಿ. ಈ ಮೂರನೆಯದು ಮೂಕವಾಗಿ ಒಂಬತ್ತು ವರ್ಷಗಳಾಗಿದ್ದವು.

“ನಿಧಾನದ ಹಾಡುಗಳನ್ನೆಲ್ಲ ನಾನು ಇದರಲ್ಲೇ ನುಡಿಸ್ತಿದ್ದೆ ಸಾರ್. ಇದು ಹೋದ ಮೇಲೆ ಆ ಹಾಡುಗಳನ್ನೇ ಬಿಟ್ಟುಬಿಟ್ಟೆ” ಎಂದರು ಮಾಸ್ಟರ್. ಕಿತ್ತು ಬಿಸಾಡಿ ಹೊಸದನ್ನು ಹಾಕಿಸಿರೆಂದು ಕಂಡವರೆಲ್ಲ ಹೇಳಿದ್ದರು. ಅವರಿಗೆ ಮನಸ್ಸು ಬಂದಿರಲಿಲ್ಲ.

ಈ ಸಾಧನ ಕೆಲಸ ಮಾಡುವ ಬಗೆ ಬಹಳ ಸರಳ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದರ ಬುಡ: ಸುರುಳಿಯೊಂದರ ಮೂಲಕ ಹಾಯುವ ಅಯಸ್ಕಾಂತ ಬಲ ಹೆಚ್ಚುಕಡಿಮೆಯಾದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್‌ನಲ್ಲಿ ಪ್ರತಿ ತಂತಿಗೂ ಒಂದರಂತೆ ಆರು ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ತಾಮ್ರದ ಎಳೆಯ ಸುರುಳಿ. ಮೇಲಿನ ಉಕ್ಕಿನ ತಂತಿಯೂ ಅಯಸ್ಕಾಂತದ ಸನ್ನಿಧಿಯಲ್ಲಿ ತಾನೂ ಒಂದು ಪುಟ್ಟ ಅಯಸ್ಕಾಂತವಾಗುತ್ತದೆ. ಮೀಟಿದಾಗ ತಂತಿ ತೂಗುತ್ತದೆ. ಅದರೊಡನೆ ಅಯಸ್ಕಾಂತ ಬಲವೂ ತೂಗುತ್ತದೆ. ಸುರುಳಿಯಲ್ಲಿ ಅದೇ ತಾಳದ ಕ್ಷೀಣ ವಿದ್ಯುತ್ತು ಏಳುತ್ತದೆ. ಪಿಕಪ್ ಗಾಳಿಯಲ್ಲಿನ ಶಬ್ದವನ್ನು ಕೇಳುವುದಿಲ್ಲ, ಉಕ್ಕಿನ ಚಲನೆಯನ್ನು ಮಾತ್ರ ಬಲ್ಲದು. ನಮ್ಮ ವೀಣೆಯ ಉಕ್ಕಿನ ಸಾರಣಿ ತಂತಿಯನ್ನು ಅದರ ಮೇಲೆ ಬಿಗಿದು ಮೀಟಿದರೆ ಮಾತಾಡುತ್ತದೆ. ಹಿತ್ತಾಳೆಯ ತಂತಿಯನ್ನೋ ನೈಲಾನನ್ನೋ ಮೀಟಿದರೆ ಮೌನ.

ಇದು ಹುಟ್ಟಿಕೊಂಡದ್ದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ಅಲ್ಲಿ ಆಗ ಹವಾಯಿ ದ್ವೀಪಗಳ ಗಿಟಾರಿಗೆ ಬಹಳ ಮೋಹ. ಮಡಿಲಲ್ಲಿ ಮಲಗಿಸಿಕೊಂಡು, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ವಾದ್ಯವದು. ನಮ್ಮ ಚಲನಚಿತ್ರ ಗೀತೆಗಳ ಮೂಲಕ ನಮಗೂ ಅದರ ಪರಿಚಯವುಂಟು. ಕೊಳಲು ಕೊಂಬುಗಳ ನಡುವೆ ಅದರ ಸಣ್ಣ ದನಿ ಕೇಳಿಸುತ್ತಿರಲಿಲ್ಲ. ಜಾರ್ಜ್ ಬೋಶಾಂ ಎಂಬ ವಾದಕ ಈ ಕೊರತೆಗೆ ಉಪಾಯ ಹುಡುಕಿ 1931ರಲ್ಲಿ ಸುರುಳಿ, ಅಯಸ್ಕಾಂತಗಳ ಒಂದು ಮಾದರಿಯನ್ನು ಸಿದ್ಧಮಾಡಿದ. ಮರುವರ್ಷ ಅದು ಮಾರಾಟಕ್ಕೆ ಬಂತು. ಆಕಾರ ನೋಡಿ ಜನ ಅದನ್ನು ‘ಬಾಣಲೆ’ ಎಂದು ಕರೆದರು. ಅದಕ್ಕೆ ಪೇಟೆಂಟು ದೊರೆತದ್ದು 1937ರಲ್ಲಿ. ದನಿ ಸಾಲದೆಂಬ ಕೊರಗಿನಿಂದ ಹುಟ್ಟಿದ ಈ ಉಪಾಯ ದನಿಯನ್ನು ದೊಡ್ಡದು ಮಾಡಿದ್ದಷ್ಟೇ ಅಲ್ಲ, ಹೊಸ ದನಿಯೊಂದನ್ನೇ ಹುಟ್ಟಿಸಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ 1939ರಲ್ಲಿ ಬೆನ್ನಿ ಗುಡ್‌ಮನ್ನನ ಜಾಸ್ ಮೇಳ ಸೇರಿ, ತಾಳಕ್ಕೆ ಒತ್ತು ಕೊಡುವುದಷ್ಟೇ ಗಿಟಾರಿನ ಕೆಲಸವಲ್ಲ, ಅದು ಮುಂದೆ ನಿಂತು ಹಾಡಲೂ ಬಲ್ಲದು ಎಂದು ತೋರಿಸಿದ. 1942ರಲ್ಲಿ ತೀರಿಕೊಂಡಾಗ ಆತನಿಗೆ ಇಪ್ಪತ್ತೈದೇ ವರ್ಷ.

ಮಾಸ್ಟರರ ಗಿಟಾರನ್ನು ರೂಪಿಸಿದ ಲಿಯೋ ಫೆಂಡರನ ಕಥೆ ರೇಡಿಯೋ ಕೇಳುಗರಾದ ನಮಗೆ ಇನ್ನೂ ಹತ್ತಿರದ್ದು. ಆತ ಗಿಟಾರು ನುಡಿಸುವವನಲ್ಲ, ರೇಡಿಯೋ ರಿಪೇರಿಯವನು. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಅಲ್ಲಿಂದ ಬೆಳೆದ ಕಾರ್ಖಾನೆಯಲ್ಲಿ 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಹೊರಬಂತು. 1965ರಲ್ಲಿ ಆ ಕಾರ್ಖಾನೆಯನ್ನು ಕೊಂಡದ್ದು ಕೂಡ ರೇಡಿಯೋ, ಟೆಲಿವಿಷನ್ ಪ್ರಸಾರದ ಸಂಸ್ಥೆಯಾದ ಸಿ.ಬಿ.ಎಸ್.

ಗಿಟಾರನ್ನು ಬಿಚ್ಚಿ ಪಿಕಪ್ಪನ್ನು ಮೇಜಿನ ಮೇಲಿಟ್ಟೆ. ಕಪ್ಪು ರಟ್ಟಿನಂಥ ಗಟ್ಟಿ ನಾರುಹಲಗೆಗಳು ಎರಡು, ಮೇಲೊಂದು ಕೆಳಗೊಂದು. ಅವುಗಳ ನಡುವೆ ಬಿಗಿಯಾಗಿ ಕೂರಿಸಿದ ಆರು ಕಡ್ಡಿಗಳು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ಆಲ್ನಿಕೊ ಎಂಬ ಮಿಶ್ರಲೋಹದವು. ಅವುಗಳ ಮೇಲೆಯೇ ನೇರವಾಗಿ ಸುತ್ತಿದ ಎಳೆ. ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಆರು ಪಾಲು. ಸುತ್ತುಗಳು ಸುಮಾರು 8,000. ಬೆರಳುದ್ದದ ಈ ವಸ್ತುವಿನಲ್ಲಿ ಅಡಗಿರುವ ಎಳೆಯನ್ನು ಬಿಡಿಸಿ ಹಾಸಿದರೆ ಒಂದು ಕಿಲೋಮೀಟರಿಗೂ ಮಿಗಿಲು.

ಪಿಕಪ್ಪನ್ನು ತಿರುವಿ ಹಾಕಿದೆ. ಕೆಳಹಲಗೆಯ ಮೇಲೆ ಕೈಬರಹದಲ್ಲಿ ಒಂದು ತಾರೀಕು, ಅದರ ಪಕ್ಕದಲ್ಲಿ ಅರ್ಧ ಅಳಿಸಿಹೋದ ಎರಡು ಅಕ್ಷರಗಳು. ಸುರುಳಿ ಸುತ್ತಿದವರ ಸಹಿ! ನನ್ನ ಕೈ ಅಲ್ಲಿಯೇ ನಿಂತಿತು.

ಏಕೆಂದು ಹೇಳಬೇಕು. ಫುಲರ್ಟನ್ನಿನ ಆ ಕಾರ್ಖಾನೆಯಲ್ಲಿ ಯಂತ್ರ ಪಿಕಪ್ಪನ್ನು ತಿರುಗಿಸುತ್ತಿತ್ತು ನಿಜ. ಆದರೆ ಎಳೆಯನ್ನು ಅತ್ತಿತ್ತ ನಡೆಸುತ್ತಿದ್ದುದು ಮನುಷ್ಯರ ಬೆರಳು, ಬಹುಮಟ್ಟಿಗೆ ಹೆಂಗಸರ ಬೆರಳು. ಅವರಲ್ಲಿ ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಕೆಲಸಕ್ಕೆ ಸೇರಿ 2013ರಲ್ಲಿ ನಿವೃತ್ತರಾದರು. ಅವರ ಸಹಿಯುಳ್ಳ ಪಿಕಪ್‌ಗಳನ್ನು ಇಂದು ವಾದಕರು ಹುಡುಕಿಕೊಂಡು ಹೋಗುತ್ತಾರೆ. ನನ್ನ ವಿಭಾಗದಲ್ಲಿಯೂ ಸುರುಳಿ ಸುತ್ತುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ. ಎಳೆ ಹರಿಯುವುದಕ್ಕೆ ಅರೆಕ್ಷಣ ಮುಂಚೆ ಅವರ ಬೆರಳಿಗೆ ಅದು ತಿಳಿಯುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು. ಆದರೆ ನಮ್ಮ ಸುರುಳಿಗಳ ಮೇಲೆ ಯಾರ ಸಹಿಯೂ ಇರುತ್ತಿರಲಿಲ್ಲ. ರಿಲೇ ಟಕ್ಕೆಂದರೆ ಆಯಿತು, ಅದನ್ನು ಸುತ್ತಿದವರು ಯಾರೆಂದು ಯಾರು ಕೇಳುತ್ತಾರೆ?

ಪಿಕಪ್‌ನ ವಿಷಯ ಹಾಗಲ್ಲ. ಬೆರಳಿನಿಂದ ನಡೆಸಿದ ಎಳೆ ಯಂತ್ರದ ಶಿಸ್ತಿನಲ್ಲಿ ಪಕ್ಕಪಕ್ಕಕ್ಕೆ ಕೂರುವುದಿಲ್ಲ. ಒಂದರ ಮೇಲೊಂದು ಓರೆಯಾಗಿ ಹಾಯುತ್ತದೆ, ನಡುನಡುವೆ ಸಣ್ಣ ಸಂದುಗಳು ಉಳಿಯುತ್ತವೆ. ಒತ್ತೊತ್ತಾಗಿ ಮಲಗಿದ ಎಳೆಗಳು ತಮ್ಮ ನಡುವೆ ವಿದ್ಯುತ್ತನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತವೆ. ಅದರಿಂದ ಎತ್ತರದ ಸ್ವರಾಂಶಗಳು ಮಂಕಾಗುತ್ತವೆ. ಸಂದುಗಳಿದ್ದರೆ ಆ ಹಿಡಿತ ಕಡಿಮೆ, ದನಿ ತಿಳಿ. ಸುತ್ತು ಹೆಚ್ಚಿಸಿದರೆ ದನಿ ಜೋರಾಗುತ್ತದೆ, ಆದರೆ ಅದರ ಹೊಳಪು ಇಳಿಯುತ್ತದೆ. ಹೀಗೆ ಸುತ್ತಿದ ಕೈಯ ಬಿಗಿ, ಸಡಿಲ, ಓಟ ಎಲ್ಲವೂ ಸೇರಿ ಒಂದೊಂದು ಪಿಕಪ್‌ಗೆ ತನ್ನದೇ ದನಿ. ನಮ್ಮ ಊರುಗಳಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ವೈಂಡಿಂಗ್ ಅಂಗಡಿಗೆ ಹೊತ್ತುಹಾಕುತ್ತೇವೆ. ಹಳೆಯ ತಾಮ್ರವನ್ನು ಕಿತ್ತು ಹೊಸದನ್ನು ಸುತ್ತಿಕೊಡುತ್ತಾರೆ. ಮೋಟಾರು ಓಡಿದರೆ ಸಾಕು. ಇಲ್ಲಿ ಓಡಿದರೆ ಸಾಲದು, ಹಾಡಬೇಕು.

ಹಾಗಾಗಿ ಮೊದಲ ಕೆಲಸ ಸುತ್ತುವುದಲ್ಲ, ಸುತ್ತದೆ ಉಳಿಸಲಾದೀತೇ ಎಂದು ನೋಡುವುದು. ಮಲ್ಟಿಮೀಟರಿನ ಕಡ್ಡಿಗಳನ್ನು ಸುರುಳಿಯ ಎರಡು ಕೊನೆಗಳಿಗೆ ಮುಟ್ಟಿಸಿದೆ. ಆರೋಗ್ಯವಾಗಿದ್ದರೆ ಸುಮಾರು 6,000 ಓಮ್ ತೋರಿಸಬೇಕು. ಅದರ ಇಬ್ಬರು ಒಡನಾಡಿಗಳು 5,900ರ ಆಸುಪಾಸು ತೋರಿಸುತ್ತಿದ್ದವು. ಇದು ಏನನ್ನೂ ತೋರಿಸಲಿಲ್ಲ. ಎಳೆ ಎಲ್ಲಿಯೋ ಹರಿದಿದೆ. ಆದರೂ ಆಂಪ್ಲಿಫೈಯರಿಗೆ ಜೋಡಿಸಿ ಕಿವಿಗೊಟ್ಟರೆ ಬಲು ಕ್ಷೀಣವಾದ, ತೆಳ್ಳನೆಯ ದನಿ. ಹರಿದ ತುದಿಗಳ ನಡುವೆಯೂ ಎಳೆಯಿಂದ ಎಳೆಗೆ ಅಷ್ಟಿಷ್ಟು ದಾಟುವುದುಂಟು. ಪಿಕಪ್ ಪೂರ್ತಿ ಸತ್ತಿರಲಿಲ್ಲ, ಪಿಸುಗುಟ್ಟುತ್ತಿತ್ತು.

ಹರಿಯುವ ಜಾಗಗಳು ಸಾಮಾನ್ಯವಾಗಿ ಮೂರು. ಎಳೆಯ ಹೊರಗಿನ ಕೊನೆ, ಬೆಸುಗೆಯ ಬಳಿ. ಇಲ್ಲಾದರೆ ಪುಣ್ಯ, ಒಂದೆರಡು ಸುತ್ತು ಬಿಡಿಸಿ ಮತ್ತೆ ಬೆಸೆದರೆ ಮುಗಿಯಿತು. ಎರಡನೆಯದು ಹೊರಮೈ; ತಿರುಪುಳಿಯ ತುದಿಯೋ ಉಗುರೋ ತಗುಲಿದ್ದರೆ. ಮೂರನೆಯದು ಸುರುಳಿಯ ಗರ್ಭ, ಎಳೆ ಕಡ್ಡಿಗಳನ್ನು ತಬ್ಬುವ ಜಾಗ. ವಾದಕನ ಬೆವರು, ಮಳೆಗಾಲದ ತೇವ ಹಲವು ವರ್ಷ ಒಳಗಿಳಿದು ಕಡ್ಡಿಗಳು ತುಕ್ಕು ಹಿಡಿಯುತ್ತವೆ. ತುಕ್ಕು ಎಳೆಯ ಮೇಲಿನ ಎನಾಮಲ್ ಲೇಪವನ್ನು ಒಡೆಯುತ್ತದೆ. ಬರಿದಾದ ತಾಮ್ರಕ್ಕೆ ಕಿಲುಬು ಹತ್ತುತ್ತದೆ. ಭೂತಗನ್ನಡಿಯ ಕೆಳಗೆ ಬೆಸುಗೆಗಳನ್ನು ನೋಡಿದೆ, ಚೆನ್ನಾಗಿದ್ದವು. ಹೊರಗಿನ ನಲವತ್ತು ಸುತ್ತುಗಳನ್ನು ಬಿಡಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕಡ್ಡಿಗಳ ಬುಡದಲ್ಲಿ ಬೆಳಕು ಹಾಯಿಸಿದಾಗ ಹಸಿರು ಕಂಡಿತು. ಗರ್ಭದಲ್ಲಿಯೇ ಕೆಟ್ಟಿತ್ತು. ಅದನ್ನು ತಲುಪಬೇಕಾದರೆ ಮೇಲಿನ ಎಲ್ಲವನ್ನೂ ತೆಗೆಯಲೇಬೇಕು.

ಅಂದು ನಾನು ಕೆಲಸ ಮುಂದುವರಿಸಲಿಲ್ಲ. ಮಾಸ್ಟರರ ಮನೆಗೆ ಹೋದೆ.

“ಮಾಸ್ಟ್ರೇ, ಇದನ್ನು ಬಿಚ್ಚಿದರೆ 1965ರಲ್ಲಿ ಆ ಹೆಣ್ಣುಮಗಳು ಸುತ್ತಿದ್ದು ಹೋಯಿತು ಅಂತಲೇ. ನಾನು ಏನು ಸುತ್ತಿದರೂ ಅದು ನನ್ನದಾಗುತ್ತೆ, ಆಕೆಯದಲ್ಲ. ಹೀಗೇ ಇಟ್ಟರೆ ಹಳೆಯ ವಸ್ತುವಾಗಿ ಬೆಲೆ ಉಳಿಯುತ್ತೆ. ಯೋಚನೆ ಮಾಡಿ” ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಅದು ಸಣ್ಣಗೆ ನಡುಗುತ್ತಿತ್ತು. “ಇದು ಇನ್ನೆಷ್ಟು ದಿನ ಸಾರ್? ನನಗೆ ಮ್ಯೂಸಿಯಂ ಬೇಡ. ಆ ಹಾಡುಗಳನ್ನ ಇನ್ನೊಂದು ಸಲ ನುಡಿಸಬೇಕು. ಬಿಚ್ಚಿ.”

ಒಪ್ಪಿಗೆ ಸಿಕ್ಕಿತು. ಆದರೆ ಒಪ್ಪಿಗೆಯಿಂದ ಹೊಣೆ ಹಗುರವಾಗಲಿಲ್ಲ. ಬಿಚ್ಚುವ ಮುನ್ನ ಏನೇನಿತ್ತೋ ಎಲ್ಲವನ್ನೂ ಬರೆದಿಟ್ಟುಕೊಂಡೆ. ಎಳೆ ಯಾವ ದಿಕ್ಕಿಗೆ ಸುತ್ತಿದೆ. ದಿಕ್ಸೂಚಿ ಹಿಡಿದು ನೋಡಿದರೆ ಕಡ್ಡಿಗಳ ಮೇಲ್ತುದಿ ಉತ್ತರವೋ ದಕ್ಷಿಣವೋ. ಯಾವ ಕಡ್ಡಿ ಎಷ್ಟು ಎತ್ತರ. ದಿಕ್ಕು ತಪ್ಪಿದರೆ ಪಿಕಪ್ ತಾನೊಂದೇ ನುಡಿದಾಗ ದೋಷ ತಿಳಿಯುವುದಿಲ್ಲ; ಪಕ್ಕದ್ದರೊಡನೆ ನುಡಿದಾಗ ಒಂದರ ದನಿ ಇನ್ನೊಂದನ್ನು ಅಳಿಸಿ, ಕೇಳಿಸುವುದು ಸಣಕಲು ದನಿ. ಸುರುಳಿಯನ್ನು ಬ್ಲೇಡಿನಿಂದ ಕೊಯ್ದು ತೆಗೆಯುವುದು ಸುಲಭದ ದಾರಿ. ನಾನು ಹಾಗೆ ಮಾಡದೆ, ಎಣಿಕೆಯ ಯಂತ್ರಕ್ಕೆ ಹೂಡಿ ಹಿಂದು ಹಿಂದಕ್ಕೆ ಬಿಡಿಸಿದೆ. ಮೂರು ಸಂಜೆ ಹಿಡಿಯಿತು. ಒಳಗೊಳಗೆ ಹೋದಂತೆ ಎಳೆ ಮತ್ತೆ ಮತ್ತೆ ತುಂಡಾಗುತ್ತಿತ್ತು. ಕೊನೆಯ ಪದರಗಳು ಕಿಲುಬಿನಲ್ಲಿ ಒಂದಕ್ಕೊಂದು ಅಂಟಿದ್ದವು. ಅಂಟಿದ ಭಾಗವನ್ನು ಅಂದಾಜು ಮಾಡಿ ಸೇರಿಸಿದಾಗ ಒಟ್ಟು 7,900 ಸುತ್ತು. ಕಡ್ಡಿಗಳನ್ನು ಕದಲಿಸಲಿಲ್ಲ. ತುಕ್ಕನ್ನು ಒರೆಸಿ, ತೆಳುವಾಗಿ ಲ್ಯಾಕರ್ ಬಳಿದು ಒಣಗಿಸಿದೆ. ಆ ಹೊತ್ತಿನಲ್ಲಿ ಬೇರೆ ಬಲವಾದ ಅಯಸ್ಕಾಂತವನ್ನು ಮೇಜಿನ ಹತ್ತಿರಕ್ಕೂ ಸುಳಿಯಗೊಡಲಿಲ್ಲ. ಆಲ್ನಿಕೊ ತನ್ನ ಬಲವನ್ನು ವರ್ಷಗಟ್ಟಲೆ ಕಾಪಾಡಿಕೊಂಡರೂ ಎದುರಾಳಿಯ ಮುಂದೆ ಬೇಗ ಸೋಲುತ್ತದೆ.

ಹೊಸ ಎಳೆಯೂ ಹಳೆಯದರ ಜಾತಿಯದೇ ಆಗಬೇಕು. ಈಗ ನಮ್ಮ ಎಸ್.ಪಿ. ರಸ್ತೆಯಲ್ಲಿ ಸಿಗುವ ಎಳೆಯ ಲೇಪ ಬೇರೆ. ಲೇಪದ ದಪ್ಪ ಬೇರೆಯಾದರೆ ಸುರುಳಿಯ ಗಾತ್ರವೂ ದನಿಯೂ ಬೇರೆಯಾಗುತ್ತವೆ. ಕಂದುಬಣ್ಣದ ಹಳೆಯ ಬಗೆಯ ಎನಾಮಲ್ ಎಳೆಯನ್ನು ಹೊರದೇಶದಿಂದ ತರಿಸಿದೆ. ಸುತ್ತಲು ಹೊಲಿಗೆ ಯಂತ್ರದ ಮೋಟಾರು, ಕಾಲಿನ ಕೆಳಗೆ ಅದರ ವೇಗದ ಪೆಡಲು. ಎಳೆ ಎರಡು ಬೆರಳುಗಳ ನಡುವಿನ ಉಣ್ಣೆಬಟ್ಟೆಯ ಮೂಲಕ ಹಾಯಬೇಕು. ಬಿಗಿ ಹೆಚ್ಚಾದರೆ ತಾಮ್ರ ಹಿಗ್ಗಿ ಹರಿಯುತ್ತದೆ. ಕಡಿಮೆಯಾದರೆ ಸುತ್ತುಗಳು ಸಡಿಲವಾಗಿ ಕುಳಿತು ತಾವೇ ಕಂಪಿಸಿ ಕಿರುಚುತ್ತವೆ.

ಮೊದಲ ಪ್ರಯತ್ನ 3,100ನೆಯ ಸುತ್ತಿಗೆ ಹರಿಯಿತು. ನಾರುಹಲಗೆಯ ಅಂಚಿನಲ್ಲಿದ್ದ ಸಣ್ಣ ಸಿಬಿರನ್ನು ನಾನು ನೋಡಿರಲಿಲ್ಲ. ನಡುವೆ ಗಂಟು ಹಾಕಿ ಬೆಸೆದು ಮುಂದುವರಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಅಂಚನ್ನು ತೀಡಿ ಮೊದಲಿನಿಂದ ಸುತ್ತಿದೆ. ಇಪ್ಪತ್ತು ನಿಮಿಷದ ಕೆಲಸ, ಆದರೆ ಆ ಇಪ್ಪತ್ತು ನಿಮಿಷ ಉಸಿರನ್ನೂ ಎಣಿಸಿ ಬಿಟ್ಟಂತೆ. ತುದಿಗಳ ಲೇಪವನ್ನು ನಯವಾದ ಮರಳುಕಾಗದದಿಂದ ಕೆರೆದು ಬೆಸೆದೆ. ಬಳಿಕ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ ಮೇಣದಲ್ಲಿ ಅದ್ದಿ, ಗಾಳಿಯ ಗುಳ್ಳೆಗಳು ನಿಲ್ಲುವವರೆಗೆ ಬಿಟ್ಟೆ. ಮೇಣ ಸಂದುಗಳಲ್ಲಿ ಇಳಿದು ಸುತ್ತುಗಳನ್ನು ಹಿಡಿದುಕೊಳ್ಳುತ್ತದೆ. ಇದನ್ನು ನೇರ ಉರಿಯ ಮೇಲೆ ಮಾಡಬಾರದು. ಮೇಣ ಹೊತ್ತಿಕೊಳ್ಳುವ ವಸ್ತು. ಎಲ್ಲ ಮುಗಿಸಿ ಅಳೆದಾಗ 5,850 ಓಮ್.

ಹಳೆಗನ್ನಡದ ಓಲೆಗರಿಗಳನ್ನು ಸಂಪಾದಿಸುವ ವಿದ್ವಾಂಸರ ಒಂದು ನಿಯಮ ಅಂದು ನೆನಪಾಯಿತು. ಗರಿ ಮುರಿದು ಪದ್ಯದ ಒಂದು ಪಾದ ಹೋಗಿದ್ದರೆ ಸಂಪಾದಕ ಅಲ್ಲಿ ಪದವೊಂದನ್ನು ಊಹಿಸಬಹುದು. ಆದರೆ ಅದನ್ನು ಕಂಸದಲ್ಲಿಟ್ಟು ಇದು ತನ್ನ ಊಹೆ ಎಂದು ತಿಳಿಸಬೇಕು. ಕವಿಯ ಹೆಸರಿನಲ್ಲಿ ತನ್ನ ಪದ್ಯವನ್ನು ಸಾಗಿಸಬಾರದು. ನಾನು ಸುತ್ತಿದ್ದೂ ಕಂಸದೊಳಗಿನ ಪದ. ಹಳೆಯ ಗಿಟಾರುಗಳಿಗೆ ದೊಡ್ಡ ಬೆಲೆ ಬಂದಿರುವ ಈ ಕಾಲದಲ್ಲಿ ಹೊಸ ಸುರುಳಿಯನ್ನು ಹಳೆಯ ಸಹಿಯ ಮರೆಯಲ್ಲಿ ಮಾರುವುದು ಮೋಸವಾಗುತ್ತದೆ. ಆದ್ದರಿಂದ ಕೆಳಹಲಗೆಯಲ್ಲಿ ಹಳೆಯ ತಾರೀಕನ್ನು ಮುಟ್ಟದೆ, ಅದರಿಂದ ದೂರದಲ್ಲಿ, ಮತ್ತೆ ಸುತ್ತಿದ ತಾರೀಕನ್ನೂ ನನ್ನ ಹೆಸರಿನ ಮೊದಲಕ್ಷರವನ್ನೂ ಸಣ್ಣದಾಗಿ ಬರೆದೆ. ಬಿಚ್ಚಿದ ಹಳೆಯ ಎಳೆಯನ್ನು ಒಂದು ಡಬ್ಬಿಯಲ್ಲಿ ತುಂಬಿ, ಸುತ್ತುಗಳ ಲೆಕ್ಕದ ಚೀಟಿಯೊಡನೆ ಮಾಸ್ಟರರಿಗೆ ಒಪ್ಪಿಸಿದೆ.

ಅವರು ಗಿಟಾರನ್ನು ಶ್ರುತಿ ಮಾಡಿ, ಗುಂಡಿಯನ್ನು ಕುತ್ತಿಗೆಯ ಪಿಕಪ್‌ಗೆ ತಿರುಗಿಸಿ, ಒಂದು ನಿಧಾನದ ಹಾಡು ನುಡಿಸಿದರು. ನಡುಗುವ ಕೈ ತಂತಿಯ ಮೇಲೆ ಬಂದಾಗ ನಡುಗಲಿಲ್ಲ. ಮುಗಿದ ಮೇಲೆ ನಾನು ಅಂಜುತ್ತಲೇ ಕೇಳಿದೆ: “ಅದೇ ದನಿಯೇ, ಮಾಸ್ಟ್ರೇ?”

“ಅಲ್ಲ” ಎಂದರು ಅವರು. “ಸ್ವಲ್ಪ ಎಳೆಯದು. ಅದು ನನ್ನ ಜೊತೆ ಮುದುಕ ಆಗಿತ್ತು, ಇದು ಇನ್ನೂ ಆಗಿಲ್ಲ. ಆದರೆ ಸಾರ್, ಮನೆಯ ಮಗುವಿನ ದನಿ. ಹೊರಗಿನವರದಲ್ಲ.” ಹೀಗೆಂದು ಇನ್ನೊಂದು ಹಾಡನ್ನು ಎತ್ತಿಕೊಂಡರು.

ನಾನು ಸುತ್ತಿದ ಆ ರಿಲೇಗಳೆಲ್ಲ ಇಂದು ಗುಜರಿಗೆ ಹೋಗಿವೆ. ಟೆಲಿಫೋನ್ ಜಗತ್ತೇ ಬದಲಾಗಿದೆ. ನನ್ನ ಬೆರಳಿನ ಕೆಲಸವೆಂದು ಉಳಿದಿರುವುದು ಬಹುಶಃ ಆ ಒಂದು ಸುರುಳಿ. ಅದೂ ಮುಂದೊಂದು ದಿನ ಕೆಡುತ್ತದೆ. ಅಂದು ಅದನ್ನು ಬಿಚ್ಚುವವರು ಕೆಳಹಲಗೆಯನ್ನು ಒಮ್ಮೆ ತಿರುವಿ ನೋಡಲಿ. ಅಲ್ಲಿ ಎರಡು ತಾರೀಕುಗಳಿವೆ, ಮೂರನೆಯದಕ್ಕೆ ಜಾಗ ಬಿಟ್ಟಿದ್ದೇನೆ.